ಕತ್ತಲೆಯನ್ನು ಅರಸಿದ ಖಗೋಳಜ್ಞ: ವೈನು ಬಾಪ್ಪು

ಸಂಡೂರು ತಾಲೂಕಿನ ಕುರೆಕುಪ್ಪದಲ್ಲಿ ಇರುಳೆಂಬುದು ಪೂರ್ಣವಾಗಿ ಇಳಿಯುವುದಿಲ್ಲ. ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ದೀಪಗಳ ಪ್ರಭೆ ದಿಗಂತದಲ್ಲಿ ಕೆಂಪಗೆ ಹರಡಿರುತ್ತದೆ. ಅದಿರು ಹೊತ್ತು ಸಾಗುವ ಲಾರಿಗಳು ಎಬ್ಬಿಸಿದ ಧೂಳು ಆ ಬೆಳಕನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಡಿಸೆಂಬರ್ ತಿಂಗಳಲ್ಲಿ ನಮ್ಮ ಕುಟುಂಬಗಳು ಮನೆಯ ಮುಂದೆ ಬಣ್ಣದ ಕಾಗದದ ನಕ್ಷತ್ರವನ್ನು ತೂಗುಹಾಕಿ ಅದರೊಳಗೆ ದೀಪ ಬೆಳಗಿಸುವಾಗ, ಅದರ ಮೇಲಿರುವ ನಿಜವಾದ ನಕ್ಷತ್ರಗಳಲ್ಲಿ ಹತ್ತಾರನ್ನು ಮಾತ್ರ ಎಣಿಸಲು ಸಾಧ್ಯವಾಗುತ್ತದೆ. ಇದನ್ನು ದೂರೆಂದು ಬರೆಯುತ್ತಿಲ್ಲ. ಆ ದೀಪಗಳ ಅಡಿಯಲ್ಲಿಯೇ ಎಷ್ಟೋ ಮನೆಗಳ ಅನ್ನ ಬೇಯುತ್ತಿದೆ. ಆದರೆ ಕತ್ತಲೆಯೂ ಬೆಲೆಯುಳ್ಳ ವಸ್ತು ಎಂದು ಅರಿತು, ಅದನ್ನು ಅರಸಿಕೊಂಡು ದಕ್ಷಿಣ ಭಾರತದ ಬೆಟ್ಟಗಳನ್ನು ಸುತ್ತಿ, ಕಡೆಗೆ ಒಂದು ಕಾಡಿನ ನಡುವೆ ಅದನ್ನು ಕಂಡುಕೊಂಡ ಒಬ್ಬ ಮಹನೀಯರ ಜೀವನವನ್ನು ಈ ವಾರ ವಾಚಕರ ಮುಂದಿಡಲು ಈ ಊರಿನ ಆಕಾಶವೇ ನೆಪವಾಯಿತು.

ಅವರೇ ಮನಾಲಿ ಕಲ್ಲಟ್ ವೈನು ಬಾಪ್ಪು. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದಕಾರಣ ಈ ಅಂಕಣದಲ್ಲಿ ಅವರಿಗೇನು ಸ್ಥಳವೆಂದು ಕೆಲವರು ಕೇಳಬಹುದು. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ದಿರುವ ಬಳ್ಳಾರಿ, ಹೊಸಪೇಟೆ ಕಡೆಯ ಕಥೋಲಿಕ ಕುಟುಂಬಗಳು ಕಡಿಮೆಯೇನಲ್ಲ. ಕೋರಮಂಗಲದಲ್ಲಿ ಆ ಆಸ್ಪತ್ರೆಯ ನೆರೆಯಲ್ಲೇ, ಮರಗಳ ನಡುವೆ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇದೆ. ಆಸ್ಪತ್ರೆಯ ಹಾದಿಯಲ್ಲಿ ಅದರ ಬಳಿ ಹಾದುಹೋದವರಲ್ಲಿ ಬಹುಮಂದಿಗೆ ಅದನ್ನು ಕಟ್ಟಿದವರು ಯಾರೆಂಬುದು ತಿಳಿದಿರಲಾರದು. ಸ್ಥಳ ಕೊಡಲು ಇಷ್ಟು ಕಾರಣ ಸಾಕು.

ಬಾಪ್ಪು ಅವರು ಜನಿಸಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಮನೆತನ ಮಲಬಾರಿನ ತಲಶ್ಶೇರಿಯದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗದಲ್ಲಿದ್ದುದರಿಂದ ಬಾಲಕನು ಬೆಳೆದದ್ದು ಅಲ್ಲಿಯೇ. ಆ ಕಾಲದಲ್ಲಿ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ತುಂಗಭದ್ರೆಯ ಆಚೆ ದಡದಿಂದ ನಿಜಾಮರ ಸೀಮೆ ಆರಂಭವಾಗುತ್ತಿತ್ತು. ಹಂಪಿಯಲ್ಲಿ ನಿಂತು ನದಿಯಾಚೆಯ ಆನೆಗೊಂದಿಯನ್ನು ನೋಡಿದರೆ ಕಾಣುತ್ತಿದ್ದುದು ಈ ಬಾಲಕನು ಬೆಳೆದ ರಾಜ್ಯವೇ. ಬೇರೆ ಮಕ್ಕಳಿಗೆ ತಂದೆಯ ಅಂಗಡಿಯೋ ಹೊಲವೋ ಆಟದ ಅಂಗಳವಾದಂತೆ ಈ ಬಾಲಕನಿಗೆ ವೀಕ್ಷಣಾಲಯವು ಅಂಗಳವಾಯಿತು. ದೂರದರ್ಶಕವನ್ನು ಅವರು ಪುಸ್ತಕದ ಚಿತ್ರದಲ್ಲಿ ಮೊದಲು ಕಂಡವರಲ್ಲ. ಕಣ್ಣಿಟ್ಟು ನೋಡಿ ಬಲ್ಲವರು.

ನಿಜಾಮ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗಲೇ ಅವರು ಕಾಂತಿಯಲ್ಲಿ ಏರಿಳಿತ ತೋರುವ ನಕ್ಷತ್ರಗಳನ್ನು ಗಮನಿಸಿ ಲೇಖನ ಪ್ರಕಟಿಸಿದ್ದರು. ಆಕಾಶದಲ್ಲಿ ಎಲ್ಲ ನಕ್ಷತ್ರಗಳೂ ಒಂದೇ ಸಮನೆ ಬೆಳಗುವುದಿಲ್ಲ. ಕೆಲವು ಗಂಟೆಗಳ ಲೆಕ್ಕದಲ್ಲಿ, ಕೆಲವು ತಿಂಗಳುಗಳ ಲೆಕ್ಕದಲ್ಲಿ ಮಂಕಾಗಿ ಮತ್ತೆ ಪ್ರಕಾಶಿಸುತ್ತವೆ. ಇರುಳಿಂದಿರುಳಿಗೆ ಅವುಗಳ ಕಾಂತಿಯನ್ನು ನೆರೆಯ ನಕ್ಷತ್ರಗಳೊಡನೆ ಹೋಲಿಸಿ ಬರೆದಿಡುವುದೇ ಈ ಕೆಲಸ. ಇದಕ್ಕೆ ದೊಡ್ಡ ಉಪಕರಣ ಬೇಡ. ನಿದ್ರೆ ಬಿಡುವ ಮನಸ್ಸು ಬೇಕು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಹಾರ್ಲೋ ಶಾಪ್ಲಿ ಅವರು ಹೈದರಾಬಾದಿಗೆ ಬಂದಾಗ ಈ ವಿದ್ಯಾರ್ಥಿ ಅವರನ್ನು ಕಂಡರು. ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನವೂ ದೊರೆತು, 1949ರಲ್ಲಿ ಬಾಪ್ಪು ಹಾರ್ವರ್ಡಿಗೆ ತೆರಳಿದರು.

ಅಲ್ಲಿ ಕಾಲಿಟ್ಟು ಕೆಲವೇ ತಿಂಗಳು ಕಳೆದಿತ್ತು. 1949ರ ಜುಲೈ 2ರ ರಾತ್ರಿ ಅವರು ತೆಗೆದ ಆಕಾಶದ ಛಾಯಾಚಿತ್ರದ ಗಾಜಿನ ಫಲಕದ ಮೇಲೆ ನಕ್ಷತ್ರದಂತಲ್ಲದ ಒಂದು ಗುರುತು ಕಂಡಿತು. ಅದೊಂದು ಧೂಮಕೇತು, ಅದುವರೆಗೆ ಯಾರೂ ಕಾಣದ್ದು. ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹವಿದ್ಯಾರ್ಥಿ ಗಾರ್ಡನ್ ನ್ಯೂಕರ್ಕ್ ಅದನ್ನು ದೃಢಪಡಿಸಲು ಜೊತೆಯಾದರು. ಬಾಪ್ಪು-ಬಾಕ್-ನ್ಯೂಕರ್ಕ್ ಎಂದೇ ಅದಕ್ಕೆ ಹೆಸರಾಯಿತು. ಅದರ ಕಕ್ಷೆಯನ್ನು ಗಣಿಸಿದಾಗ ಅದು ಸೂರ್ಯನ ಬಳಿಗೆ ಮರಳಲು ಸುಮಾರು 60,000 ವರ್ಷಗಳು ಬೇಕೆಂದು ತಿಳಿದುಬಂದಿತು. ಪೆಸಿಫಿಕ್ ಖಗೋಳ ಸಂಘವು ಅವರಿಗೆ ಡೊನೊಹೊ ಧೂಮಕೇತು ಪದಕವನ್ನಿತ್ತಿತು. ಆಗ ಅವರ ವಯಸ್ಸು 22ರ ಆಸುಪಾಸು.

ಖಗೋಳಜ್ಞರು ಸದಾ ದೂರದರ್ಶಕಕ್ಕೆ ಕಣ್ಣು ಹಚ್ಚಿ ಕುಳಿತಿರುತ್ತಾರೆಂಬುದು ನಮ್ಮ ಕಲ್ಪನೆ. ಕಣ್ಣು ಆ ಕಾರ್ಯಕ್ಕೆ ಸಾಲದು. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ತೆರೆಯುವುದು ಸುಮಾರು 7 ಮಿಲಿಮೀಟರಿನಷ್ಟು ಮಾತ್ರ. ಮಳೆ ಸುರಿಯುವಾಗ ಅಂಗಳದಲ್ಲಿ ಲೋಟವನ್ನಿಟ್ಟರೆ ಒಂದಿಷ್ಟು ನೀರು, ಹರವಾದ ಕೊಪ್ಪರಿಗೆಯನ್ನಿಟ್ಟರೆ ಬಹಳಷ್ಟು ನೀರು ಸಂಗ್ರಹವಾಗುತ್ತದಲ್ಲವೇ? ಒಂದು ಮೀಟರ್ ವ್ಯಾಸದ ಕನ್ನಡಿಯುಳ್ಳ ದೂರದರ್ಶಕವು ಬರಿಗಣ್ಣಿಗಿಂತ ಸುಮಾರು 20,000 ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಹತ್ತಿರ ಮಾಡಿ ತೋರಿಸುವುದಕ್ಕಿಂತ ಬೆಳಕನ್ನು ಕೂಡಿಸುವುದೇ ದೂರದರ್ಶಕದ ಮುಖ್ಯ ಕೆಲಸ. ಇನ್ನೊಂದು ಕೊರತೆಯೆಂದರೆ, ಕಣ್ಣು ಕ್ಷಣಕ್ಷಣದ ಬೆಳಕನ್ನು ಕಂಡು ಮರೆಯುತ್ತದೆ. ಛಾಯಾಚಿತ್ರದ ಫಲಕವಾದರೋ ಗಂಟೆಗಟ್ಟಲೆ ಬೀಳುವ ಬೆಳಕನ್ನು ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆದರೆ ಭೂಮಿ ತಿರುಗುತ್ತಲೇ ಇರುವುದರಿಂದ ನಕ್ಷತ್ರವು ಜಾರಿಹೋಗದಂತೆ ದೂರದರ್ಶಕವನ್ನೂ ತಿರುಗಿಸುತ್ತ, ಚಳಿಯಲ್ಲಿ ಅಲುಗದೆ ಕುಳಿತಿರಬೇಕಾಗುತ್ತಿತ್ತು. ಇಂದು ಆ ಫಲಕಗಳ ಸ್ಥಾನವನ್ನು ವಿದ್ಯುನ್ಮಾನ ಸಾಧನಗಳು ಪಡೆದಿವೆ. ಬಾಪ್ಪು ಕಲಿತದ್ದು ಫಲಕಗಳ ಕಾಲದಲ್ಲಿ.

1952ರಲ್ಲಿ ಡಾಕ್ಟರೇಟ್ ಪಡೆದ ಬಳಿಕ ಕಾರ್ನೆಗಿ ಸಂಸ್ಥೆಯ ಗೌರವದಿಂದ ಅವರು ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯಕ್ಕೆ ಹೋದರು. ಅಂದಿಗೆ ಜಗತ್ತಿನ ಅತಿದೊಡ್ಡ ದೂರದರ್ಶಕವಿದ್ದ ಸ್ಥಳ ಅದು. ಅಲ್ಲಿ ಓಲಿನ್ ವಿಲ್ಸನ್ ಎಂಬ ಹಿರಿಯರೊಡನೆ ಕೈಗೂಡಿಸಿ ನಡೆಸಿದ ಕಾರ್ಯವೇ ಬಾಪ್ಪು ಅವರ ಹೆಸರನ್ನು ಶಾಶ್ವತಗೊಳಿಸಿದ್ದು. ಅದನ್ನು ತುಸು ನಿಧಾನವಾಗಿ ವಿವರಿಸಬೇಕು.

ರಾತ್ರಿ ಸಂಡೂರಿನ ಬೆಟ್ಟದ ರಸ್ತೆಯಲ್ಲಿ ಒಂದು ದೀಪ ಕಾಣುತ್ತದೆ ಎಂದಿಟ್ಟುಕೊಳ್ಳಿ. ಅದು ಸಮೀಪದಲ್ಲಿ ಹೋಗುತ್ತಿರುವ ಸೈಕಲ್ಲಿನ ಮಂದ ದೀಪವೋ, ದೂರದಲ್ಲಿ ಇಳಿಯುತ್ತಿರುವ ಲಾರಿಯ ಪ್ರಖರ ದೀಪವೋ? ನೋಡಿದ ಮಾತ್ರಕ್ಕೆ ಹೇಳಲಾಗದು. ನಕ್ಷತ್ರಗಳ ವಿಷಯದಲ್ಲಿಯೂ ಇದೇ ತೊಡಕು. ಮಂಕಾಗಿ ಕಾಣುವುದು ಸಣ್ಣದೆಂದಾಗಲಿ ದೂರದ್ದೆಂದಾಗಲಿ ತೀರ್ಮಾನಿಸುವಂತಿಲ್ಲ. ಹತ್ತಿರದ ನಕ್ಷತ್ರಗಳಿಗೊಂದು ಉಪಾಯವಿದೆ. ಕೈಯನ್ನು ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದು, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಸರಿದಂತೆ ತೋರುತ್ತದೆ. ಹಾಗೆಯೇ ಭೂಮಿಯು ಸೂರ್ಯನ ಒಂದು ಬದಿಯಲ್ಲಿದ್ದಾಗಲೂ ಆರು ತಿಂಗಳ ಬಳಿಕ ಮತ್ತೊಂದು ಬದಿಗೆ ಬಂದಾಗಲೂ ನಕ್ಷತ್ರದ ಸ್ಥಾನವನ್ನು ಅಳೆದರೆ ದೂರ ತಿಳಿಯುತ್ತದೆ. ಆದರೆ ದೂರ ಹೆಚ್ಚಿದಂತೆ ಸರಿತವು ಕಡಿಮೆಯಾಗುತ್ತದೆ. ಆ ದಿನಗಳ ಉಪಕರಣಗಳಿಗೆ ನೆರೆಹೊರೆಯ ನಕ್ಷತ್ರಗಳಷ್ಟೇ ನಿಲುಕುತ್ತಿದ್ದವು. ಅದರಾಚೆಗೆ ಹೋಗಬೇಕಾದರೆ ಆ ದೀಪದ ನಿಜವಾದ ಪ್ರಖರತೆಯನ್ನು ಬೇರೊಂದು ಗುರುತಿನಿಂದ ಅರಿಯಬೇಕು.

ವಿಲ್ಸನ್ ಮತ್ತು ಬಾಪ್ಪು ಕಂಡುಕೊಂಡ ಗುರುತು ಕ್ಯಾಲ್ಸಿಯಮ್ಮಿನದು; ನಮ್ಮ ಹಿರಿಯರು ವೀಳ್ಯದೆಲೆಗೆ ಹಚ್ಚುವ ಸುಣ್ಣದಲ್ಲಿರುವ ಧಾತು. ಗಾಜಿನ ಪಟ್ಟಕದ ಮೂಲಕ ಬೆಳಕನ್ನು ಹಾಯಿಸಿದರೆ ಅದು ಕಾಮನಬಿಲ್ಲಿನ ಬಣ್ಣಗಳಾಗಿ ಬಿಡಿಸಿಕೊಳ್ಳುವುದನ್ನು ಶಾಲೆಯಲ್ಲಿ ಕಂಡಿದ್ದೇವೆ. ಇದಕ್ಕೆ ರೋಹಿತವೆಂದು ಹೆಸರು. ಸೂರ್ಯನ ಇಲ್ಲವೇ ನಕ್ಷತ್ರದ ಬೆಳಕನ್ನು ಹೀಗೆ ಬಿಡಿಸಿದಾಗ ಬಣ್ಣಗಳ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವೂ ತನ್ನದೇ ಆದ ಗೆರೆಗಳನ್ನು ಎಳೆಯುತ್ತದೆ. ಸೂರ್ಯನ ರೋಹಿತದಲ್ಲಿ ಕಬ್ಬಿಣದ ಗೆರೆಗಳು ಅಸಂಖ್ಯ; ಸಂಡೂರಿನ ಬೆಟ್ಟಗಳಿಂದ ಅಗೆದು ತೆಗೆಯುವ ಅದೇ ಕಬ್ಬಿಣ. ಯಾರೂ ಸೂರ್ಯನಿಗೆ ಹೋಗಿ ಒಂದು ಹಿಡಿ ತಂದವರಿಲ್ಲ. ಬೆಳಕೇ ಬಂದು ತಿಳಿಸಿದ ಸಂಗತಿ ಇದು. ಸೂರ್ಯನಂಥ ಮತ್ತು ಸೂರ್ಯನಿಗಿಂತ ತಣ್ಣಗಿರುವ ನಕ್ಷತ್ರಗಳಲ್ಲಿ ನೇರಿಳೆ ಬಣ್ಣದ ಭಾಗದಲ್ಲಿ ಕ್ಯಾಲ್ಸಿಯಮ್ಮಿನ ದಪ್ಪನೆಯ ಕಪ್ಪು ಪಟ್ಟಿಯೊಂದಿರುತ್ತದೆ. ಆ ಕಪ್ಪಿನ ನಟ್ಟನಡುವೆ, ಸೀರೆಯ ಅಂಚಿನಲ್ಲಿ ಜರಿಯ ಎಳೆಯಂತೆ, ಒಂದು ತೆಳ್ಳನೆಯ ಹೊಳೆವ ಗೆರೆ ಕಾಣುತ್ತದೆ. ಈ ಹೊಳೆವ ಗೆರೆಯ ಅಗಲವನ್ನು ನೂರಕ್ಕೂ ಹೆಚ್ಚು ನಕ್ಷತ್ರಗಳಲ್ಲಿ ಅಳೆದು ನೋಡಿದಾಗ ಅವರಿಗೊಂದು ಕ್ರಮ ಗೋಚರಿಸಿತು. ನಿಜವಾಗಿ ಪ್ರಖರವಾದ ದೈತ್ಯ ನಕ್ಷತ್ರದಲ್ಲಿ ಗೆರೆ ಅಗಲ; ನಿಜವಾಗಿ ಮಂದವಾದ ಕುಬ್ಜ ನಕ್ಷತ್ರದಲ್ಲಿ ಗೆರೆ ಕಿರಿದು. ಸೋಜಿಗವೆಂದರೆ, ಅತ್ಯಂತ ಮಂದ ನಕ್ಷತ್ರದಿಂದ ಅದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಪ್ರಖರವಾದ ನಕ್ಷತ್ರದವರೆಗೂ ಈ ನಿಯಮವು ತಪ್ಪುವುದಿಲ್ಲ. ಗೆರೆಯನ್ನು ಅಳೆದರೆ ದೀಪದ ನಿಜವಾದ ಪ್ರಖರತೆ ಸಿಕ್ಕಿತು. ಕಣ್ಣಿಗೆ ಕಾಣುವ ಪ್ರಖರತೆಯೊಡನೆ ಅದನ್ನು ತೂಗಿದರೆ ದೂರ ಸಿಕ್ಕಿತು. 1957ರಲ್ಲಿ ಪ್ರಕಟವಾದ ಈ ಶೋಧವು ವಿಲ್ಸನ್-ಬಾಪ್ಪು ಪರಿಣಾಮವೆಂಬ ಹೆಸರಿನಿಂದ ಖಗೋಳವಿಜ್ಞಾನದ ಪಠ್ಯಗ್ರಂಥಗಳನ್ನು ಸೇರಿತು.

ಆ ಲೇಖನ ಅಚ್ಚಾಗುವ ವೇಳೆಗೆ ಬಾಪ್ಪು ಭಾರತಕ್ಕೆ ಮರಳಿ ಕೆಲವು ವರ್ಷಗಳೇ ಕಳೆದಿದ್ದವು. ಪಾಲೊಮಾರಿನಂಥ ಸ್ಥಳವನ್ನು ಕಂಡವರು ಅಲ್ಲಿಯೇ ನೆಲೆನಿಂತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇಲ್ಲಿ ಆಗ ಇದ್ದದ್ದಾದರೂ ಏನು? ಅವರು ಬಂದು ಉತ್ತರ ಪ್ರದೇಶ ಸರಕಾರವು 1954ರಲ್ಲಿ ವಾರಾಣಸಿಯಲ್ಲಿ ಆರಂಭಿಸಿದ ವೀಕ್ಷಣಾಲಯದ ಹೊಣೆ ಹೊತ್ತರು. ಗಂಗೆಯ ಬಯಲಿನ ಧೂಳಿನಲ್ಲಿ ನಕ್ಷತ್ರ ನೋಡುವುದು ವ್ಯರ್ಥವೆಂದರಿತು ಅದನ್ನು ನೈನಿತಾಲಿನ ಎತ್ತರಕ್ಕೆ ಸಾಗಿಸಿದರು. ಇಂದು ಮನೋರಾ ಶಿಖರದ ಮೇಲಿರುವ ವೀಕ್ಷಣಾಲಯಕ್ಕೆ ಮೂಲ ಅದೇ.

1960ರಲ್ಲಿ, ತಮ್ಮ 33ನೆಯ ವಯಸ್ಸಿಗೆ, ಅವರು ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಮದರಾಸಿನ ಹಳೆಯ ವೀಕ್ಷಣಾಲಯದ ವಾರಸುದಾರನಾಗಿ 1899ರಲ್ಲಿ ಪಳನಿ ಬೆಟ್ಟಗಳ ಮೇಲೆ ಸ್ಥಾಪಿತವಾದ ಈ ಸಂಸ್ಥೆ ಸೂರ್ಯನ ಅಧ್ಯಯನಕ್ಕೆ ಮೀಸಲಾಗಿತ್ತು. ದಕ್ಷಿಣ ಭಾರತಕ್ಕೂ ಸೂರ್ಯನ ರೋಹಿತಕ್ಕೂ ಇನ್ನೂ ಹಿಂದಿನ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಗುಂಟೂರಿನಿಂದಲೂ, ಪ್ರಸಿದ್ಧ ಹರ್ಷೆಲ್ ಮನೆತನದ ಸೇನಾಧಿಕಾರಿ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಿಂದಲೂ ವೀಕ್ಷಿಸಿ, ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳು ಕಾದ ಅನಿಲವೆಂದು ರೋಹಿತದಿಂದ ತಿಳಿದರು. ಮೂರು ವರ್ಷಗಳ ಬಳಿಕ, 1871ರ ಡಿಸೆಂಬರ್ 12ರ ಗ್ರಹಣವನ್ನು ನಾರ್ಮನ್ ಲಾಕಿಯರ್ ಕಾಸರಗೋಡಿನ ಬೇಕಲ ಕೋಟೆಯಿಂದ ನೋಡಿದರು. ಹೀಲಿಯಂ ಎಂಬ ಧಾತು ಮೊದಲು ಸೂರ್ಯನಲ್ಲಿ ಗುರುತಿಸಲ್ಪಟ್ಟು ಆ ಬಳಿಕ ಭೂಮಿಯಲ್ಲಿ ದೊರೆತದ್ದು ಈ ಬಗೆಯ ವೀಕ್ಷಣೆಗಳ ಫಲ. ಕೊಡೈಕನಾಲಿನಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಕ್ಯಾಲ್ಸಿಯಮ್ಮಿನ ಅದೇ ನೇರಿಳೆ ಬೆಳಕಿನಲ್ಲಿ ಸೂರ್ಯನ ಚಿತ್ರಗಳನ್ನು ತೆಗೆದು ಕಾಪಾಡಿಕೊಂಡು ಬಂದಿದ್ದರು. ದೂರದ ನಕ್ಷತ್ರಗಳಲ್ಲಿ ತಾವು ಅಳೆದ ಗೆರೆಯ ಮರ್ಮವನ್ನು ಹತ್ತಿರದ ನಕ್ಷತ್ರವಾದ ಸೂರ್ಯನಲ್ಲಿ ಹುಡುಕಲು ಬಾಪ್ಪು ಅವರಿಗೆ ಇದಕ್ಕಿಂತ ತಕ್ಕ ಸ್ಥಳ ಇರಲಿಲ್ಲ.

ಆದರೆ ಕೊಡೈಕನಾಲಿನ ಮಂಜು ರಾತ್ರಿಯ ವೀಕ್ಷಣೆಗೆ ಅಡ್ಡಿ. ನಕ್ಷತ್ರಗಳನ್ನು ನೋಡಲು ಬೇರೆಯೇ ಸ್ಥಳ ಬೇಕಾಗಿತ್ತು. ಮೋಡ ಕಡಿಮೆ ಇರಬೇಕು, ಗಾಳಿ ನಿಶ್ಚಲವಾಗಿರಬೇಕು, ಸುತ್ತಮುತ್ತ ಪಟ್ಟಣದ ದೀಪ ಇರಬಾರದು. ಸಾಧ್ಯವಾದಷ್ಟು ದಕ್ಷಿಣದಲ್ಲಿಯೂ ಇರಬೇಕು. ಈ ಕೊನೆಯ ಮಾತಿಗೆ ಕಾರಣವಿದೆ. ಆ ಕಾಲದ ದೊಡ್ಡ ದೂರದರ್ಶಕಗಳಲ್ಲಿ ಹೆಚ್ಚಿನವು ಭೂಮಿಯ ಉತ್ತರಾರ್ಧದಲ್ಲಿ, ಅದೂ ಬಹು ಮೇಲೆ ಇದ್ದವು; ಅಲ್ಲಿಂದ ದಕ್ಷಿಣದ ಆಕಾಶ ಕಾಣುವುದಿಲ್ಲ. ಭೂಮಧ್ಯರೇಖೆಗೆ ಸಮೀಪವಾದ ನೆಲದಿಂದ ಎರಡೂ ಕಡೆಯ ಆಕಾಶ ದೊರೆಯುತ್ತದೆ. ಹಲವಾರು ಬೆಟ್ಟಗಳನ್ನು ಪರೀಕ್ಷಿಸಿದ ಮೇಲೆ ಬಾಪ್ಪು ಆರಿಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ಕಾವಲೂರನ್ನು. ಶ್ರೀಗಂಧದ ಮರಗಳ ಕಾಡು, ಸಣ್ಣ ಹಳ್ಳಿ, ಸುಮಾರು 12.5 ಡಿಗ್ರಿ ಅಕ್ಷಾಂಶ.

ದಕ್ಷಿಣದ ಆಕಾಶವೆಂದರೇನೆಂದು ಕುರೆಕುಪ್ಪದಿಂದಲೂ ಒಂದಿಷ್ಟು ನೋಡಬಹುದು. ಮೇ ತಿಂಗಳಲ್ಲಿ ಇರುಳು ಒಂಬತ್ತು ಹತ್ತು ಗಂಟೆಯ ವೇಳೆಗೆ ದೀಪಗಳಿಗೆ ಬೆನ್ನುಮಾಡಿ, ಊರಾಚೆಯ ಬಯಲಲ್ಲಿ ನಿಂತು ದಕ್ಷಿಣ ದಿಗಂತದತ್ತ ನೋಡಿದರೆ ನಾಲ್ಕು ನಕ್ಷತ್ರಗಳು ಶಿಲುಬೆಯ ಆಕಾರದಲ್ಲಿ ನಿಂತಿರುವುದು ಕಾಣುತ್ತದೆ. ನಮ್ಮ ಹಿರಿಯರು ಇದಕ್ಕೆ ತ್ರಿಶಂಕು ಎಂದರು. ದಕ್ಷಿಣ ಸಮುದ್ರಗಳಲ್ಲಿ ಹಡಗು ನಡೆಸಿದ ಐರೋಪ್ಯ ನಾವಿಕರು ಅದನ್ನು ದಕ್ಷಿಣದ ಶಿಲುಬೆ ಎಂದು ಕರೆದರು. ಅದರ ಎಡಕ್ಕೆ ಎರಡು ಪ್ರಕಾಶಮಾನವಾದ ನಕ್ಷತ್ರಗಳು. ಅವುಗಳಲ್ಲಿ ಶಿಲುಬೆಗೆ ದೂರವಾದುದು, ಹೆಚ್ಚು ಪ್ರಖರವಾದುದು, ಆಲ್ಫಾ ಸೆಂಟಾರಿ. ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ನಮಗೆ ಅತಿ ಸಮೀಪದ್ದು. ಸಮೀಪವೆಂದರೂ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು, ಸೂರ್ಯನಿಂದ ನಮ್ಮಲ್ಲಿಗೆ ಎಂಟು ಚಿಲ್ಲರೆ ನಿಮಿಷಗಳಲ್ಲಿ ಬಂದು ಸೇರುವ ಬೆಳಕು, ಅಲ್ಲಿಂದ ಬರಲು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಈ ವರ್ಷ ಹುಟ್ಟಿದ ಕೂಸು ಇಂದು ಅಲ್ಲಿಂದ ಹೊರಟ ಬೆಳಕನ್ನು ಕಾಣುವುದು ಶಾಲೆಗೆ ಸೇರುವ ಹೊತ್ತಿಗೆ. ಈ ನಕ್ಷತ್ರವು ಒಂದಲ್ಲ, ಎರಡು ಎಂದು ಮೊದಲು ಕಂಡವರು ನಮ್ಮ ದಕ್ಷಿಣದಲ್ಲಿದ್ದ ಒಬ್ಬ ಗುರುಗಳು. ಫ್ರಾನ್ಸಿನ ಯೇಸುಸಭೆಯ ಜಾನ್ ರಿಶೋ ಸ್ವಾಮಿಗಳು 1689ರ ಡಿಸೆಂಬರಿನಲ್ಲಿ ಪಾಂಡಿಚೇರಿಯಿಂದ ಒಂದು ಧೂಮಕೇತುವನ್ನು ನೋಡುತ್ತಿದ್ದಾಗ ದೂರದರ್ಶಕದಲ್ಲಿ ಅದು ಜೋಡಿಯಾಗಿ ಕಂಡಿತು. ಕಾವಲೂರಿಗೂ ಪಾಂಡಿಚೇರಿಗೂ ಅಕ್ಷಾಂಶದಲ್ಲಿ ಹೆಚ್ಚಿನ ಅಂತರವಿಲ್ಲ. ಬಾಪ್ಪು ಬಯಸಿದ ಆಕಾಶವನ್ನೇ ಆ ಗುರುಗಳು ಸುಮಾರು ಮುನ್ನೂರು ವರ್ಷ ಮುಂಚೆ ನೋಡಿದ್ದರು.

1968ರಲ್ಲಿ ಕಾವಲೂರಿನಲ್ಲಿ ಮೊದಲ ದೂರದರ್ಶಕ ನಿಂತಿತು. ಅದರ ವ್ಯಾಸ ಕೇವಲ 38 ಸೆಂಟಿಮೀಟರ್. ಆದರೆ ಅದು ಕೊಡೈಕನಾಲಿನ ಕಾರ್ಯಾಗಾರದಲ್ಲಿಯೇ ತಯಾರಾಗಿತ್ತು. ನಾವೇ ಮಾಡಬಲ್ಲೆವೆಂಬ ಧೈರ್ಯ ಹುಟ್ಟಿದ್ದು ಆ ಸಣ್ಣ ಉಪಕರಣದಿಂದ ಎಂದು ನನ್ನ ಭಾವನೆ. 1972ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯ ಒಂದು ಮೀಟರ್ ದೂರದರ್ಶಕವೂ ಬಂದಿತು. ಅದೇ ವರ್ಷ ಜೂನ್ 7ರಂದು ಗುರುಗ್ರಹದ ಚಂದ್ರನಾದ ಗ್ಯಾನಿಮೀಡ್ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಬೆಟ್ಟದ ಹಿಂದೆ ಸರಿಯುವ ಲಾರಿಯ ದೀಪ ತಟ್ಟನೆ ಮರೆಯಾಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಮಂಜಿದ್ದರೆ ಮೆಲ್ಲನೆ ಮಂಕಾಗುತ್ತದೆ. ನಕ್ಷತ್ರದ ಬೆಳಕು ಹಾಗೆ ಮೆಲ್ಲನೆ ಕುಂದಿದುದನ್ನು ಕಾವಲೂರು ಹಾಗೂ ಜಾವಾದ ಲೆಂಬಾಂಗ್ ವೀಕ್ಷಣಾಲಯಗಳ ತಜ್ಞರು ದಾಖಲಿಸಿ, ಗ್ಯಾನಿಮೀಡಿಗೆ ವಾಯುಮಂಡಲವಿದೆಯೆಂದು ಸೂಚಿಸಿದರು. ಅದು ಅಂದು ಅಂದಾಜು ಮಾಡಿದ್ದಕ್ಕಿಂತ ಬಹಳ ವಿರಳವೆಂದು ಮುಂದೆ ಗಗನನೌಕೆಗಳು ತೋರಿಸಿದವು. ಅತಿ ತೆಳುವಾದ ಆಮ್ಲಜನಕದ ಹೊದಿಕೆ ಇರುವುದು 1990ರ ದಶಕದಲ್ಲಿ ಖಚಿತವಾಯಿತು. 1977ರ ಮಾರ್ಚ್ 10ರಂದು ಇಂಥದೇ ಇನ್ನೊಂದು ಸಂದರ್ಭ. ಯುರೇನಸ್ ಗ್ರಹವು ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಗ್ರಹವು ಇನ್ನೂ ದೂರವಿರುವಾಗಲೇ ನಕ್ಷತ್ರವು ಕ್ಷಣಕಾಲ ಮಂಕಾಗಿ ಮತ್ತೆ ಬೆಳಗಿದ್ದನ್ನು ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದ ಅಮೆರಿಕದ ವಿಮಾನ ವೀಕ್ಷಣಾಲಯ ಹಲವು ಬಾರಿ ದಾಖಲಿಸಿತು. ಕಾವಲೂರಿನ ಉಪಕರಣದಲ್ಲಿಯೂ ಅಂಥ ಕುಸಿತ ದಾಖಲಾಯಿತು. ಶನಿಯಂತೆ ಯುರೇನಸಿಗೂ ಉಂಗುರಗಳಿವೆಯೆಂದು ಜಗತ್ತಿಗೆ ತಿಳಿದದ್ದು ಹೀಗೆ.

ಈ ನಡುವೆ, 1971ರಲ್ಲಿ, ಹವಾಮಾನ ಇಲಾಖೆಯ ಅಧೀನದಲ್ಲಿದ್ದ ಕೊಡೈಕನಾಲ್ ವೀಕ್ಷಣಾಲಯವು ಸ್ವಾಯತ್ತವಾದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಾಗಿ ರೂಪುಗೊಂಡಿತು. ಕೆಲ ವರ್ಷಗಳಲ್ಲಿ ಅದರ ಕೇಂದ್ರ ಬೆಂಗಳೂರಿಗೆ ಬಂದಿತು. ಬಾಪ್ಪು ಕೊನೆಯವರೆಗೂ ಅದರ ನಿರ್ದೇಶಕರು. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲತೀರದಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋದಾಗ ದೇಶವಿದೇಶಗಳ ಖಗೋಳಜ್ಞರು ಉತ್ತರ ಕರ್ನಾಟಕದ ಹೊಲಗಳಲ್ಲಿ ಡೇರೆ ಹಾಕಿದ್ದರು. ಮೂರು ನಿಮಿಷವೂ ತುಂಬದ ಆ ನಡುಹಗಲ ಕತ್ತಲೆಗಾಗಿ ಅವರು ತಿಂಗಳುಗಟ್ಟಲೆ ಸಿದ್ಧತೆ ನಡೆಸಿದ್ದರೆ, ನಮ್ಮಲ್ಲಿ ಎಷ್ಟೋ ಮಂದಿ ಭಯದಿಂದ ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತಿದ್ದೆವು.

ಕತ್ತಲೆ ಒಂದೆಡೆ ನಿಲ್ಲುವ ಸೊತ್ತಲ್ಲ. ರೋಮ್ ನಗರದ ದೀಪಗಳು ಹೆಚ್ಚಿದಂತೆ ವ್ಯಾಟಿಕನ್ ವೀಕ್ಷಣಾಲಯವು 1930ರ ದಶಕದಲ್ಲಿ ಕಾಸ್ಟೆಲ್ ಗಾಂಡೋಲ್ಫೊದ ಬೆಟ್ಟಕ್ಕೆ ಹೋಗಬೇಕಾಯಿತು. ಅಲ್ಲಿಗೂ ಬೆಳಕು ಬೆನ್ನಟ್ಟಿ ಬಂದಾಗ ಯೇಸುಸಭೆಯ ಗುರುಗಳು ಅಮೆರಿಕದ ಅರಿಜೋನಾಕ್ಕೆ ಹೋಗಿ 1993ರಲ್ಲಿ ಅಲ್ಲಿನ ಪರ್ವತದ ಮೇಲೆ ಹೊಸ ದೂರದರ್ಶಕವನ್ನು ನೆಲೆಗೊಳಿಸಿದರು. ಬಾಪ್ಪು ಅವರ ಸಂಸ್ಥೆಯೂ ಅವರ ಬಳಿಕ ಇನ್ನಷ್ಟು ಕತ್ತಲೆಯನ್ನು ಅರಸಿ ಲಡಾಖಿನ ಹಾನ್ಲೆಗೆ, ಸುಮಾರು 4,500 ಮೀಟರ್ ಎತ್ತರಕ್ಕೆ ಹೋಯಿತು. ಅಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಹಳ್ಳಿಯವರು ದೀಪಗಳಿಗೆ ಮರೆ ಕಟ್ಟುತ್ತಾರೆ, ಕಿಟಕಿಗಳಿಗೆ ಪರದೆ ಎಳೆಯುತ್ತಾರೆ. ಆಕಾಶ ನೋಡಲು ಬರುವ ಪ್ರವಾಸಿಗಳಿಂದ ಅವರಿಗೆ ಸಂಪಾದನೆಯೂ ಇದೆ. ದೀಪವನ್ನು ಆರಿಸಬೇಕೆಂದೇನಿಲ್ಲ, ಮೇಲಕ್ಕೆ ಚೆಲ್ಲದಂತೆ ನೆಲದತ್ತ ತಿರುಗಿಸಿದರೂ ಬಹಳಷ್ಟು ಉಳಿಯುತ್ತದೆಂಬುದು ತಜ್ಞರ ಅಭಿಪ್ರಾಯ. ನಮ್ಮ ಬೀದಿಗಳ ದೀಪಕಂಬಗಳನ್ನು ಹಾಗೆ ನಿಲ್ಲಿಸಲು ಹೆಚ್ಚಿನ ವೆಚ್ಚವೂ ಇರಲಾರದು.

ಬಾಪ್ಪು ಅವರ ಕೊನೆಯ ಕನಸು 2.34 ಮೀಟರ್ ವ್ಯಾಸದ ದೂರದರ್ಶಕ. ಬರಿಗಣ್ಣಿನ ಒಂದು ಲಕ್ಷ ಪಟ್ಟಿಗೂ ಮಿಗಿಲಾಗಿ ಬೆಳಕನ್ನು ಹಿಡಿಯುವಂಥದು. ಅದನ್ನು ಕೊಳ್ಳದೆ ನಾವೇ ಕಟ್ಟಬೇಕೆಂಬುದು ಅವರ ಹಟ. ಕನ್ನಡಿಗೆ ಬೇಕಾದ ಗಾಜಿನ ಬಿಲ್ಲೆಯೊಂದು ಜರ್ಮನಿಯಿಂದ ಬಂದಿತು. ಅದನ್ನು ಉಜ್ಜಿ ನಯಗೊಳಿಸುವ ಕೆಲಸ ಬೆಂಗಳೂರಿನ ಸಂಸ್ಥೆಯ ಆವರಣದಲ್ಲೇ ನಡೆಯಿತು. ಬೆಳಕಿನ ಅಲೆಯ ಉದ್ದಕ್ಕಿಂತಲೂ ಕಿರಿದಾದ ತಪ್ಪು ಉಳಿದರೂ ನಕ್ಷತ್ರವು ಹರಡಿಕೊಂಡು ಕಾಣುವುದರಿಂದ ವರ್ಷಗಟ್ಟಲೆ ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು. ಹೊರಗಿನ ಉಕ್ಕಿನ ಚೌಕಟ್ಟನ್ನು ಮಾಡಿಕೊಟ್ಟವರು ಮಹಾರಾಷ್ಟ್ರದ ವಾಲಚಂದನಗರದ ಕಾರ್ಖಾನೆಯವರು. ಕಬ್ಬು ಅರೆಯುವ ಸಕ್ಕರೆ ಯಂತ್ರಗಳಿಗೆ ಹೆಸರಾದವರು. ಉಕ್ಕಿನ ಊರಿನಲ್ಲಿ ಬಾಳುವ ನಮಗೆ ಈ ಸಂಗತಿ ಹಿತವೆನಿಸುತ್ತದೆ.

ಮಾನಸಮ್ಮಾನಗಳು ಒಂದಾದ ಮೇಲೊಂದು ಬಂದವು. 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಚುನಾಯಿತರಾದರು. ಆ ಸ್ಥಾನವೇರಿದ ಮೊದಲ ಭಾರತೀಯರು ಅವರೇ. ಒಕ್ಕೂಟದ ಮುಂದಿನ ಮಹಾಸಭೆ 1982ರ ಆಗಸ್ಟಿನಲ್ಲಿ ಗ್ರೀಸ್ ದೇಶದ ಪಾತ್ರಾಸ್ ನಗರದಲ್ಲಿ ಸೇರಿತು. ಅಧ್ಯಕ್ಷರ ಪೀಠ ಬರಿದಾಗಿತ್ತು. ಹೃದಯದ ಶಸ್ತ್ರಚಿಕಿತ್ಸೆಗಾಗಿ ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದ ಬಾಪ್ಪು, ಸಭೆ ನಡೆಯುತ್ತಿದ್ದಾಗಲೇ, ಆಗಸ್ಟ್ 19ರಂದು ನಿಧನ ಹೊಂದಿದರು. ವಯಸ್ಸು 55. ದೊಡ್ಡ ದೂರದರ್ಶಕವು ಕಾವಲೂರಿನಲ್ಲಿ ಇನ್ನೂ ಎದ್ದು ನಿಂತಿರಲಿಲ್ಲ.

ಅವರ ಸಂಗಡಿಗರು ಕೆಲಸವನ್ನು ಕೈಬಿಡಲಿಲ್ಲ. ಹ್ಯಾಲಿ ಧೂಮಕೇತು 76 ವರ್ಷಗಳ ಬಳಿಕ ಮರಳಿ ಬಂದ ಚಳಿಗಾಲದಲ್ಲಿ ದೂರದರ್ಶಕ ಸಿದ್ಧವಾಗಿತ್ತು. 1986ರ ಜನವರಿ 6ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಕಾವಲೂರಿಗೆ ಬಂದು ಅದನ್ನು ರಾಷ್ಟ್ರಕ್ಕೆ ಅರ್ಪಿಸಿ, ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ವೈನು ಬಾಪ್ಪು ಅವರ ಹೆಸರನ್ನಿಟ್ಟರು. ದಿನವನ್ನು ಆರಿಸಿದವರು ಪಂಚಾಂಗವನ್ನಾಗಲಿ ಧರ್ಮಸಭೆಯ ದಿನದರ್ಶಿಕೆಯನ್ನಾಗಲಿ ನೋಡಿದ್ದರೆಂದು ತೋರುವುದಿಲ್ಲ. ಆದರೆ ಅದು, ನಕ್ಷತ್ರವೊಂದನ್ನು ನೋಡುತ್ತ ಪೂರ್ವದಿಂದ ಬಂದ ಮೂವರು ರಾಯರನ್ನು ನಮ್ಮ ಮನೆಗಳಲ್ಲಿ ಸ್ಮರಿಸುವ ಹಬ್ಬದ ದಿನವಾಗಿತ್ತು.